ಈಜುಕೊಳ ನೋಡುವ ಮೊದಲು ನೀರು ನೋಡಿ

ಪ್ರಶ್ನೆ: ಯಜಮಾನರಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿದೆ. ಮಕ್ಕಳಿಬ್ಬರೂ ಅಜ್ಜನ ತೋಟದ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು. ಅದು ತಪ್ಪಬಾರದು ಅಂತ ಈಜುಕೊಳ ಇರುವ ಅಪಾರ್ಟ್‌ಮೆಂಟ್ ಹುಡುಕುತ್ತಿದ್ದೇವೆ. ಎಲ್ಲ ಸೇರಿ ತಿಂಗಳಿಗೆ 28 ಸಾವಿರಕ್ಕಿಂತ ಜಾಸ್ತಿ ಕೊಡೋಕಾಗಲ್ಲ. ಏನೇನು ನೋಡಬೇಕು?
– ಓದುಗರು, ಸಿಂಧನೂರು

ಉತ್ತರ: ಈಜು ಬಿಡಿಸಬಾರದು ಅನ್ನೋ ನಿಮ್ಮ ಆಸೆ ತುಂಬಾ ಒಳ್ಳೆಯದು, ಬಿಡಬೇಡಿ. ಆದರೆ 28 ಸಾವಿರ ಬಾಡಿಗೆಯ ಮನೆ ನೋಡಬೇಡಿ, 22 ಸಾವಿರದ್ದು ನೋಡಿ. ಜಾಹೀರಾತಿನಲ್ಲಿರೋದು ಎಷ್ಟೋ ಸಲ ಬರೀ ಬಾಡಿಗೆ. ಚದರಡಿಗೆ 4 ರೂಪಾಯಿ ಮೇಂಟೆನೆನ್ಸ್ ಅಂದರೂ 1,100 ಚದರಡಿಗೆ 4,400 ಆಯಿತು, ಕರೆಂಟ್ ಬಿಲ್ ಬೇರೆ. ಎಲೆಕ್ಟ್ರಾನಿಕ್ ಸಿಟಿ ಒಳಗೇ ಬೇಕು ಅಂತ ಹಟ ಬೇಡ. 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೊ ಬೊಮ್ಮಸಂದ್ರದ ತನಕ ಓಡುತ್ತಿದೆ, ಅದರಾಚೆ ಚಂದಾಪುರದ ಕಡೆಗೂ ಒಂದು ಸುತ್ತು ಹಾಕಿ.

ಇನ್ನು ನೀರಿನ ಮಾತು. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ನಾಲ್ಕಡಿ ಆಳದ ಸಣ್ಣ ಕೊಳಕ್ಕೇ ಸುಮಾರು 60 ಸಾವಿರ ಲೀಟರ್ ಬೇಕು, ಅಂದರೆ 6 ಸಾವಿರ ಲೀಟರಿನ ಹತ್ತು ಟ್ಯಾಂಕರ್. ಬಿಸಿಲಿಗೆ ಒಂದು ಸೆಂಟಿಮೀಟರ್ ಇಳಿದರೆ 500 ಲೀಟರ್ ಹೋಯಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಿಡಬಾರದು, ಬಿಟ್ಟರೆ 5,000 ದಂಡ ಅಂತ ಆದೇಶ ಮಾಡಿತು. ಆ ರಜೆಗೆ ನಾನು ರಾಯಚೂರಿನ ಬಿಸಿಲು ತಾಳದೆ ಮಕ್ಕಳನ್ನು ಕರಕೊಂಡು ತಂಗಿಯ ಬಾಡಿಗೆ ಮನೆಗೆ ಹೋಗಿದ್ದೆ, ಹೊಸ ಈಜುಡುಪನ್ನೂ ತಗೊಂಡು. ಕೊಳದ ತಳದಲ್ಲಿ ಒಣಗಿದ ಎಲೆ, ಯಾರದೋ ಮಗುವಿನ ಒಂದೇ ಒಂದು ಚಪ್ಪಲಿ. ಮೊದಲು ನೀರು ನಿಲ್ಲುತ್ತಿದ್ದ ಕಡೆ ನೀಲಿ ಟೈಲ್ಸ್ ಮೇಲೆ ಬಿಳಿ ಗೆರೆ. ಮಕ್ಕಳು ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟುಕೊಂಡು ಸುಮ್ನೆ ನೋಡಿದರು. ಅಷ್ಟೂ ತಿಂಗಳು ತಂಗಿಯ ಮೇಂಟೆನೆನ್ಸ್ ಒಂದು ರೂಪಾಯಿ ಕಡಿಮೆ ಆಗಲಿಲ್ಲ.

ಅದಕ್ಕೇ ಹೇಳೋದು, ಬ್ರೋಕರ್‌ನ ಕೇಳಬೇಡಿ, ವಾಚ್‌ಮನ್‌ನ ಕೇಳಿ: ಹೋದ ಏಪ್ರಿಲ್, ಮೇನಲ್ಲಿ ಕೊಳ ತೆರೆದಿತ್ತಾ? ನೀರು ಕಾವೇರಿಯದಾ, ಬೋರ್‌ವೆಲ್ಲಿನದಾ, ಟ್ಯಾಂಕರಿನದಾ? ಬಾಡಿಗೆಯವರ ಮಕ್ಕಳನ್ನೂ ಬಿಡ್ತಾರಾ, ಅದಕ್ಕೆ ಬೇರೆ ದುಡ್ಡು ಇದೆಯಾ? ಆಮೇಲೆ ಅಂಚಿನಲ್ಲಿ ನಿಂತು ಇಣುಕಿ. ತಳದ ಜಾಲರಿ ಸ್ಪಷ್ಟವಾಗಿ ಕಾಣಬೇಕು. ಕ್ಲೋರಿನ್ ವಾಸನೆ ಘಾಟಾಗಿ ಬಂದರೆ ನೀರು ಸ್ವಚ್ಛ ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ಹಾಗಲ್ಲ. ಕ್ಲೋರಿನ್ ಬೆವರಿನ ಜೊತೆ, ಮೂತ್ರದ ಜೊತೆ ಸೇರಿದಾಗ ಆ ಘಾಟು ಬರುತ್ತದೆ. ನೀರಿನ ಪರೀಕ್ಷೆ ಬರೆದಿಡುವ ಪುಸ್ತಕ ಇದ್ದರೆ ಕೇಳಿ ನೋಡಿ. ಪಿಎಚ್, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನೋದರ ಅಳತೆ, 7.2ರಿಂದ 7.8ರ ಒಳಗಿರಬೇಕು.

ಇನ್ನೊಂದು ಮಾತು, ಇದು ನಿಮ್ಮ ಮಕ್ಕಳಿಗೇ. ಬಾವಿಯಲ್ಲಿ ಕಲಿತವರು ಕಟ್ಟೆ ಮೇಲಿಂದ ತಲೆ ಕೆಳಗಾಗಿ ಹಾರುತ್ತಾರೆ. ನಾಲ್ಕಡಿ ಕೊಳದಲ್ಲಿ ಹಾಗೆ ಹಾರಿದರೆ ತಲೆ ನೆಲಕ್ಕೆ ಬಡಿಯುತ್ತದೆ, ಕುತ್ತಿಗೆ ಮುರಿಯಬಹುದು. ಮೊದಲ ದಿನವೇ ಅವರನ್ನು ನೀರಿಗಿಳಿಸಿ, ನಿಲ್ಲಿಸಿ, ನೀರು ಎಲ್ಲಿಗೆ ಬರುತ್ತದೆ ಅಂತ ಅವರ ಎದೆ ಮುಟ್ಟಿ ತೋರಿಸಿ. ಎಷ್ಟೇ ಚೆನ್ನಾಗಿ ಈಜಿದರೂ ದೊಡ್ಡವರೊಬ್ಬರು ಪಕ್ಕದಲ್ಲಿರಲಿ.

ಪ್ರಶ್ನೆ: ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಿದ್ದಾರೆ. ಕರಾರು ಮಾತ್ರ 11 ತಿಂಗಳಿಗೆ. ಯಾಕೆ ಹೀಗೆ?
– ಓದುಗರು, ಕೊಪ್ಪಳ

ಉತ್ತರ: ವರ್ಷ ದಾಟುವ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದನ್ನು ತಪ್ಪಿಸಲು 11 ತಿಂಗಳು. ಹತ್ತು ತಿಂಗಳ ಅಡ್ವಾನ್ಸ್ ಬೆಂಗಳೂರಿನ ಹಳೆಯ ರೂಢಿ, ಕಾನೂನಲ್ಲ. ಐದಾರು ತಿಂಗಳಿಗೆ ಚೌಕಾಸಿ ಮಾಡಿ. ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದುಂಟು, ಎಷ್ಟು ಹಿಡಿಯುತ್ತಾರೆ ಅಂತ ಕರಾರಿನಲ್ಲೇ ಬರೆಸಿ. ಸಾಮಾನು ಇಳಿಸುವ ಮೊದಲೇ ಗೋಡೆ, ನಲ್ಲಿ, ಬಾಗಿಲು ಎಲ್ಲದರ ಫೋಟೊ ತೆಗೆದು ಮಾಲೀಕರ ವಾಟ್ಸಾಪ್‌ಗೆ ಕಳಿಸಿಬಿಡಿ.