ದಪ್ಪ ಟೈರ್ ಹಾಕಿಸಿ, ಪಿಕಪ್ ಎಲ್ಲಿ ಹೋಯ್ತು ಅಂತ ಕೇಳಬೇಡಿ

ಪ್ರಶ್ನೆ: ನನ್ನ 150 ಸಿಸಿ ಬೈಕ್‌ಗೆ ಹಿಂದೆ 100/90-17 ಟೈರ್ ಇತ್ತು. ಅದೇ ರಿಮ್‌ಗೆ 140/70-17 ಹಾಕಿಸಿದೆ. ಈಗ ಚಾರ್ಮಾಡಿ ಘಾಟಿಯಲ್ಲಿ ಎಳೆಯುವುದೇ ಇಲ್ಲ. ಮುಂದಿನ ಸ್ಪ್ರಾಕೆಟ್‌ನಲ್ಲಿ (ಚೈನ್ ಓಡುವ ಹಲ್ಲಿನ ಚಕ್ರ) ಒಂದು ಹಲ್ಲು ಕಡಿಮೆ ಮಾಡಿದರೆ ಪಿಕಪ್, ಮೈಲೇಜ್ ಎರಡೂ ಬರುತ್ತವೆ ಅಂತಾರೆ ಮೆಕ್ಯಾನಿಕ್. ಮಾಡಿಸಲಾ?

ಉತ್ತರ: ಬೇಡ. ರೋಗ ಟೈರ್‌ನಲ್ಲಿದೆ, ಔಷಧಿ ಚೈನ್‌ಗೆ ಕೊಡುತ್ತಿದ್ದಾರೆ.

ನಿಮ್ಮ ಹಳೇ ಟೈರ್‌ನ ಎತ್ತರ ಸುಮಾರು 612 ಮಿ.ಮೀ., ಹೊಸದರದ್ದು 628. ಚಕ್ರ ಶೇ 2.6ರಷ್ಟು ದೊಡ್ಡದಾಯಿತು, ಎಳೆತ ಅಷ್ಟು ಕಡಿಮೆಯಾಯಿತು. ಮೇಲೆ ಟೈರ್‌ನ ತೂಕ ಬೇರೆ. 140ರ, ಅಂದರೆ 140 ಮಿ.ಮೀ. ಅಗಲದ ಟೈರ್‌ಗೆ ಕನಿಷ್ಠ ಮೂರೂವರೆ ಇಂಚು ಅಗಲದ ರಿಮ್ ಬೇಕು. ನಿಮ್ಮ ಸಣ್ಣ ರಿಮ್‌ನಲ್ಲಿ ಅಂಚು ಒಳಕ್ಕೆ ಎಳೆದುಕೊಂಡು ನಡು ಉಬ್ಬುತ್ತದೆ. ಬಗ್ಗಿ ನೋಡಿ, ನಡುವಿನ ಪಟ್ಟಿ ಮಾತ್ರ ಸವೆದಿರುತ್ತದೆ. ದಪ್ಪ ಟೈರ್ ಅಂದರೆ ಗ್ರಿಪ್ ಜಾಸ್ತಿ ಅಂತ ಮಾರುವವರು ಇದನ್ನು ಹೇಳುವುದಿಲ್ಲ. ಮಳೆಗಾಲದ ಘಾಟಿ ತಿರುವಿನಲ್ಲಿ ನನಗೆ ಭಯವಾಗುವುದು ಇದಕ್ಕೇ.

ಇನ್ನು ಆ ಒಂದು ಹಲ್ಲು. ಮುಂದೆ 15, ಹಿಂದೆ 45 ಇದೆ ಅನ್ನಿ, ಅನುಪಾತ 3. ಮುಂದೆ 14 ಹಾಕಿದರೆ 3.21. ಎಳೆತ ಶೇ 7ರಷ್ಟು ಜಾಸ್ತಿ, ನಿಜ. ಆದರೆ ಅದೇ ವೇಗಕ್ಕೆ ಇಂಜಿನ್ ತಿರುಗುವುದೂ ಅಷ್ಟೇ ಜಾಸ್ತಿ. 5,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ಆಗುತ್ತಿದ್ದ ಕೆಲಸಕ್ಕೆ ಸುಮಾರು 5,350 ಬೇಕು. ಇಂಜಿನ್‌ಗೆ ಹೊಸ ಶಕ್ತಿಯೇನೂ ಬಂದಿಲ್ಲ. ಹೈವೇಯಲ್ಲಿ ಮೈಲೇಜ್ ಇಳಿಯುತ್ತದೆ, ಏರುವ ಮಾತೇ ಇಲ್ಲ. ಒಂದೇ ಹಲ್ಲು ತಾನೇ ಅನ್ನಬೇಡಿ, ಹಿಂದೆ ಮೂರು ಹಲ್ಲು ಜಾಸ್ತಿ ಮಾಡಿದ್ದಕ್ಕೆ ಅದು ಸಮ. ಸ್ಪ್ರಾಕೆಟ್ ಚಿಕ್ಕದಾದಷ್ಟೂ ಚೈನ್ ಬೇಗ ಸವೆಯುತ್ತದೆ. ಸವೆದ ಚೈನ್‌ಗೇ ಹೊಸ ಸ್ಪ್ರಾಕೆಟ್ ಹಾಕಿಕೊಡುವ ಗ್ಯಾರೇಜ್ ಕಡೆ ತಲೆಯನ್ನೇ ಹಾಕಬೇಡಿ.

ಕಂಪನಿ ಕೊಟ್ಟ ಅಳತೆಯ ಟೈರ್ ಮತ್ತೆ ಹಾಕಿಸಿ. ಆಮೇಲೂ ಎಳೆಯದಿದ್ದರೆ ಏರ್ ಫಿಲ್ಟರ್, ಕ್ಲಚ್ ನೋಡಿಸಿ. ಘಾಟಿಯಲ್ಲಿ ನಾಲ್ಕನೇ ಗೇರ್‌ನಲ್ಲೇ ಇಂಜಿನ್ ಸಾಯಿಸದೆ ಎರಡಕ್ಕೆ ಇಳಿಸಿ.

ಪ್ರಶ್ನೆ: ಸ್ಪ್ರಾಕೆಟ್ ಬದಲಿಸಿದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆಯೇ?

ಉತ್ತರ: ಮುಂದಿನ ಚಕ್ರದಿಂದ ಓದುವುದಾದರೆ ಇಲ್ಲ, ಗೇರ್‌ಬಾಕ್ಸ್‌ನಿಂದಾದರೆ ಹೌದು.

ಪ್ರಶ್ನೆ: ನೈಟ್ರೋಜನ್ ತುಂಬಿಸಿದರೆ ಮೈಲೇಜ್ ಬರುತ್ತದಂತೆ?

ಉತ್ತರ: ಸುಮ್ನೆ ದುಡ್ಡು ದಂಡ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಹದಿನೈದು ದಿನಕ್ಕೊಮ್ಮೆ ಟೈರ್ ತಣ್ಣಗಿರುವಾಗ ಗಾಳಿ ಚೆಕ್ ಮಾಡಿಸಿ.