ಊರಿನ ವೀರಗಲ್ಲುಗಳನ್ನು ಊರಿನವರಿಗೇ ಪರಿಚಯಿಸುವುದು ಹೇಗೆ?

ನಿಮ್ಮೂರ ಕೆರೆ ಏರಿಯ ವೀರಗಲ್ಲುಗಳನ್ನು, ಅಂದರೆ ಹೋರಾಡಿ ಸತ್ತ ವೀರರ ನೆನಪಿಗೆ ನಿಲ್ಲಿಸಿದ ಕಲ್ಲುಗಳನ್ನು, ಯಾರೂ ತಿರುಗಿ ನೋಡುವುದಿಲ್ಲ, ಒಂದು ಬೋರ್ಡ್ ಹಾಕಿಸಿದರೆ ಸಾಕಾ ಎಂದು ಕೇಳಿದ್ದೀರಿ. ಬೋರ್ಡ್ ಆಮೇಲೆ ಹಾಕಿಸಿ. ಮೊದಲು ಜನರನ್ನು ಕಲ್ಲಿನ ಮುಂದೆ ನಿಲ್ಲಿಸಿ, ಸತ್ತ ಆ ವೀರನ ಕಥೆ ಹೇಳಿ.

ನಾನು ಆಸಕ್ತಿಯಿಂದ ಶಾಸನ ಓದುವುದನ್ನು ಕಲಿತವನು. ಶಾಲೆ ಮಕ್ಕಳಿಗೆ ಇಂಥ ಕಲ್ಲುಗಳನ್ನು ತೋರಿಸುತ್ತಿರುತ್ತೇನೆ. 'ಗಂಗರ ಕಾಲ, 10ನೇ ಶತಮಾನ' ಎಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. 'ಕಳ್ಳರು ಊರ ದನ ಹೊಡೆದುಕೊಂಡು ಹೋಗುತ್ತಿದ್ದರು, ಬಿಡಿಸಲು ಹೋದ ಇವನು ಸತ್ತ' ಎಂದು ಹೇಳಿ ನೋಡಿ. ಹಸು ಸಾಕಿದವರಿಗೆ ಮತ್ತೇನೂ ವಿವರಿಸಬೇಕಾಗಿಲ್ಲ.

ಇಂಥ ಕಲ್ಲುಗಳನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗೆ ಕಾಳಗ. ಮಧ್ಯೆ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ತುದಿಯಲ್ಲಿ ಸೂರ್ಯ, ಚಂದ್ರ. ಅವು ಇರುವ ತನಕ ಇವನ ಹೆಸರೂ ಇರಲಿ ಅಂತ. ಕತ್ತಲಾಗುವ ಹೊತ್ತಿಗೆ ಕರೆದುಕೊಂಡು ಹೋಗಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಹಗಲಲ್ಲಿ ಪೂರ್ತಿ ಸವೆದಂತೆ ಕಾಣುವ ಕತ್ತಿಯ ಅಂಚು, ಕುದುರೆಯ ಕಾಲು, ಅಕ್ಷರದ ಗೆರೆ ಎಲ್ಲ ಎದ್ದು ಬರುತ್ತವೆ. ಮಕ್ಕಳು 'ಅಲ್ಲಿ ನೋಡು, ಬಿಲ್ಲು!' ಎಂದು ತಾವೇ ಹುಡುಕಲು ಶುರು ಮಾಡುತ್ತಾರೆ.

ಮಕ್ಕಳಿಗೆ ನಾನು ತಪ್ಪದೆ ಹೇಳುವುದು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನ ಕಥೆ. ಅದು ಸುಮಾರು ಕ್ರಿ.ಶ. 950ರದು. ಗಂಗರ ರಾಜ ಬೂತುಗನ ಬಂಟ ಮಣಲೇರ ಚೋಳರ ಮೇಲಿನ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ. ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಮುಂದೆ ಕಾಡುಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಮಣಲೇರ ನಾಯಿಗಾಗಿ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿದೆ, ನಿಜ. ಆದರೆ ಆತಕೂರಿನ ಮಕ್ಕಳು ಕಾಳಿಯನ್ನು ನೋಡಲು ಬಸ್ ಹತ್ತಬೇಕು. ನಿಮ್ಮ ಕಲ್ಲುಗಳು ಊರಲ್ಲೇ ಇವೆ ಅಲ್ವಾ, ಅವನ್ನು ಅಲ್ಲಿಂದ ಕದಲಿಸಬೇಡಿ.

ಜನ ಕೈಜೋಡಿಸುತ್ತಾರಾ ಎಂಬ ಅನುಮಾನ ಬೇಡ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಕಿತ್ತಯ್ಯ ಎಂಬ ವೀರನ ಕಲ್ಲು ಸಿಕ್ಕಿತು, ಸುಮಾರು ಕ್ರಿ.ಶ. 750ರದು. ಆಸಕ್ತರೂ ಸ್ಥಳೀಯರೂ ಸೇರಿ ಅದಕ್ಕೊಂದು ಮಂಟಪವನ್ನೇ ಕಟ್ಟಿಸಿದರು.

ಇನ್ನೊಂದು ಮಾತು. ನೀವು ಹೇಳುವ ಮೊದಲು ಊರಿನ ಹಿರಿಯರನ್ನು ಕೇಳಿ. ಕೆಲವು ಕಡೆ ಈ ಕಲ್ಲಿಗೆ ಎಣ್ಣೆ ಹಚ್ಚಿ ವರ್ಷಕ್ಕೊಮ್ಮೆ ಪೂಜೆ ಮಾಡುತ್ತಾರೆ. ಅವರು ಹೇಳುವ ಕಥೆ ಶಾಸನದ ಜೊತೆ ಹೊಂದದೇ ಇರಬಹುದು. ತಿದ್ದಲು ಹೋಗಬೇಡಿ, ಎರಡನ್ನೂ ಬರೆದಿಡಿ. ಕಲ್ಲಿನಲ್ಲಿ ಬರಹ ಇದ್ದರೆ ಕರ್ನಾಟಕದ ಶಾಸನಗಳನ್ನು ಸಂಗ್ರಹಿಸಿರುವ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ನಿಮ್ಮ ತಾಲ್ಲೂಕಿನ ಭಾಗ ತೆಗೆದು ಊರ ಹೆಸರು ಹುಡುಕಿ. ಅಲ್ಲಿ ಸಿಗದಿದ್ದರೆ ಓರೆ ಬೆಳಕಿನಲ್ಲಿ ತೆಗೆದ ಫೋಟೋ ಇಲ್ಲಿ ಹಾಕಿ, ಓದಲು ಪ್ರಯತ್ನಿಸುತ್ತೇನೆ. ಅಕ್ಷರ ಕಾಣಲಿ ಅಂತ ಪೇಂಟ್ ಮಾತ್ರ ತುಂಬಬೇಡಿ.