ಪ್ರತಿಕ್ರಿಯೆ: ನಿಹಿಲಸ್, ಪಾಲ್ಪಟೀನ್ ಇವರಲ್ಲಿ ಯಾರು ಬಲಶಾಲಿ?

ಎರಡು ಬೇರೆ ಕಥಾಲೋಕಗಳನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತಿರುವುದೇ, ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ ಪ್ರತಿ ಭಾನುವಾರ ನಡೆಯುವ, ಸ್ಟಾರ್ ವಾರ್ಸ್‌ನ ಈ ಇಬ್ಬರು ಖಳರಲ್ಲಿ ಯಾರು ಬಲಶಾಲಿ ಎಂಬ ನಿಮ್ಮ ಗೆಳೆಯರ ವಾದ ಮುಗಿಯದಿರಲು ಬಹುಶಃ ಕಾರಣ. ಲೂಕಾಸ್‌ಫಿಲ್ಮ್ ಸಂಸ್ಥೆಯು 2014ರ ಏಪ್ರಿಲ್‌ನಲ್ಲಿ ಸ್ಟಾರ್ ವಾರ್ಸ್‌ನ ಹಳೆಯ ಕಾದಂಬರಿ, ಕಾಮಿಕ್ಸ್ ಮತ್ತು ಗೇಮ್‌ಗಳ ಬಹುಪಾಲನ್ನು ‘ಲೆಜೆಂಡ್ಸ್’ (ಸಿನಿಮಾಗಳ ಅಧಿಕೃತ ಕಥೆಗೆ ಸೇರದ ಕಥೆಗಳು) ಎಂದು ಬೇರ್ಪಡಿಸಿತು. ಕಟಾರ್ ಗ್ರಹದ ಜೀವಶಕ್ತಿಯನ್ನೇ ಹೀರಿದ ಡಾರ್ತ್ ನಿಹಿಲಸ್ 2004ರ ಗೇಮ್‌ನವನಾದ್ದರಿಂದ, ಆ ಸಾಹಸವನ್ನು ಸಿನಿಮಾದ ಪಾಲ್ಪಟೀನ್‌ನ ಎದುರಿಗೆ ಇಡುವುದು ನ್ಯಾಯವಲ್ಲ.

ಆದ್ದರಿಂದ ಮೊದಲು ಯಾವ ಲೋಕವೆಂದು ನಿರ್ಧರಿಸಿ. ಅನಂತರ ಪಾತ್ರದ ಯಾವ ಕಾಲವೆಂದು ಗೊತ್ತುಮಾಡಿ, ಏಕೆಂದರೆ, ಉದಾಹರಣೆಗೆ, ಮುಸ್ತಫಾರ್ ಗ್ರಹದಲ್ಲಿ ಸುಟ್ಟು ಕೈಕಾಲು ಕಳೆದುಕೊಳ್ಳುವ ಮೊದಲಿನ ವೇಡರ್ (ಪಾಲ್ಪಟೀನ್‌ನ ಶಿಷ್ಯ) ಮತ್ತು ಕವಚದೊಳಗಿನ ವೇಡರ್ ಒಬ್ಬನೇ ಅಲ್ಲ (ವೇಡರ್ ಅಭಿಮಾನಿಗಳು ಇದಕ್ಕೆ ಸಿಡುಕುತ್ತಾರೆ, ಸಿಡುಕಲಿ). ಕೊನೆಗೆ, ತೋರಿಸಿದ ಕೃತ್ಯವನ್ನು ಮಾತ್ರ ಎಣಿಸಿ. ಇನ್ನೊಂದು ಪಾತ್ರದ ಬಾಯಿಂದ ಬಂದ ಹೊಗಳಿಕೆಯನ್ನು ಬಿಡಿ.

ಲೆಜೆಂಡ್ಸ್ ಆರಿಸಿಕೊಂಡರೆ ಮಾತ್ರ ತೀರ್ಪು ಖಚಿತವೆನ್ನಲಾರೆ, ಅಲ್ಲಿ ಪಾಲ್ಪಟೀನ್ ಕೂಡ ಬಾಹ್ಯಾಕಾಶ ನೌಕಾಪಡೆಗಳನ್ನು ನುಂಗುವ ಬಿರುಗಾಳಿ ಎಬ್ಬಿಸುತ್ತಾನೆ. ಸಿನಿಮಾಗಳನ್ನಷ್ಟೇ ಆರಿಸಿಕೊಂಡರೆ ನಿಹಿಲಸ್‌ನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿ ವಾದವನ್ನು ಆರಂಭಿಸಿ.